ಮೂರು ಕಿವುಡ ಹಿಟ್ಟು

ಆ ಮನೆಯಲ್ಲಿ ಒಂದು ಕಪ್ಪಿಗೆ ಹೆಸರಿತ್ತು. ಬಿಳಿ ಪಿಂಗಾಣಿಯ ಕಪ್, ಅಂಚಿಗೆ ನೀಲಿ ಗೆರೆ. ಅದರ ಕಿವಿ ಮುರಿದು ಎಷ್ಟೋ ವರ್ಷವಾಗಿತ್ತು. ಕಿವಿಯಿಲ್ಲ ಎಂದು ಅಜ್ಜಿಯ ಗಂಡ ಬದುಕಿದ್ದಾಗ ಅದನ್ನು ‘ಕಿವುಡ’ ಎಂದು ಕರೆದಿದ್ದರು. ಅವರು ಹೋದರೂ ಹೆಸರು ಉಳಿಯಿತು.

ಅಜ್ಜಿಯ ಅಡುಗೆಯ ಅಳತೆಯೆಲ್ಲ ಅದರಲ್ಲೇ. ಬೆಳಗಿನ ಚಹಾಕ್ಕೆ ನಾಲ್ಕು ಕಿವುಡ ನೀರು, ಸೂಪಿಗೆ ಎಂಟು. ವರ್ಷಕ್ಕೊಮ್ಮೆ ಹಿತ್ತಲಿನ ಸೇಬು ಬಲಿತಾಗ ಮಾಡುವ ಕೇಕಿಗೆ ಮೂರು ಕಿವುಡ ಹಿಟ್ಟು, ಒಂದೂವರೆ ಕಿವುಡ ಸಕ್ಕರೆ, ಒಂದು ಕಿವುಡ ಎಣ್ಣೆ, ನಾಲ್ಕು ಮೊಟ್ಟೆ, ಎಂಟು ಸೇಬು. ಆ ಮರದ ಹಣ್ಣು ಹಾಗೇ ಕಚ್ಚಿದರೆ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಕೇಕಿನೊಳಗೆ ಬೆಂದರೆ ಮಾತ್ರ ಅದಕ್ಕೊಂದು ರುಚಿ ಬರುತ್ತಿತ್ತು.

ಸೇಬು ಇನ್ನೂ ಕಾಯಾಗಿದ್ದಾಗ ಅಜ್ಜಿ ಒಂದು ವಾರ ಮಗಳ ಮನೆಗೆ ಹೋದರು. ಆ ವಾರದಲ್ಲೇ ಸೊಸೆಯ ಸೋಪಿನ ಕೈಯಿಂದ ಕಿವುಡ ಜಾರಿ ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಬಿತ್ತು. ಆರು ಚೂರು.

ಸೊಸೆ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದವಳು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗಿರಾಕಿ ತಲೆನೋವೆಂದು ವಾಪಸು ಬರುತ್ತಾನೆ. ಅಲ್ಲಿ ಅವಳ ಕೈಯನ್ನು ಯಾರೂ ಅನುಮಾನಿಸುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಅವಳು ‘ಜಾರುಗೈ’. ಮದುವೆಯಾದ ಹೊಸದರಲ್ಲಿ ಒಂದು ತಟ್ಟೆ, ಆಮೇಲೆ ಎರಡು ಗಾಜಿನ ಲೋಟ, ಒಂದು ಹೂದಾನಿ. ಪ್ರತಿಸಲವೂ ಅಜ್ಜಿ ನಗುನಗುತ್ತಲೇ, “ಬಂದಳಪ್ಪ ಜಾರುಗೈ, ಎಲ್ಲರೂ ನಿಮ್ಮ ನಿಮ್ಮ ಲೋಟ ಹಿಡ್ಕೊಳ್ಳಿ” ಎನ್ನುತ್ತಿದ್ದರು. ಈಗ ಬಿದ್ದದ್ದು ಮಾವನವರು ಹೆಸರಿಟ್ಟ ಕಪ್. ಇದಕ್ಕೆ ಎಂಥ ಮಾತು ಬರುತ್ತದೋ ಎಂದುಕೊಳ್ಳುತ್ತಾ ಸೊಸೆ ಚೂರುಗಳನ್ನು ಆರಿಸಿದಳು.

ಮರುದಿನ ಅವಳು ಹಳೆ ಸಾಮಾನಿನ ಅಂಗಡಿಯಲ್ಲಿ ಅಂಥದ್ದೇ ಒಂದು ಕಪ್ ಹುಡುಕಿದಳು. ಬಿಳಿ, ನೀಲಿ ಅಂಚು. ಕೆಲಸದಂಗಡಿಯ ಅಳತೆಪಟ್ಟಿಯಿಂದ ಬಾಯಿಯ ಅಡ್ಡಗಲ ಅಳೆದಳು. ಮುರಿದ ಕಪ್ಪಿನ ಅಂಚಿಗೂ ಅದಕ್ಕೂ ಸ್ವಲ್ಪವೂ ವ್ಯತ್ಯಾಸವಿರಲಿಲ್ಲ. ಗಂಡನ ಇಕ್ಕಳದಿಂದ ಅದರ ಕಿವಿ ಮುರಿದಳು. ಮುರಿದ ಜಾಗವನ್ನು ಗಾಜು ಉಜ್ಜುವ ಚಕ್ರಕ್ಕೆ ಹಿಡಿದು, ನಲವತ್ತು ವರ್ಷ ಬೆರಳು ತಾಗಿ ಸವೆದಂತೆ ನುಣುಪು ಮಾಡಿದಳು. ಎಲ್ಲ ಸರಿಯಾಗಿಯೇ ಮಾಡಿದಳು. ಆದರೆ ಕನ್ನಡಕದ ಕೆಲಸದಲ್ಲಿ ಅಡ್ಡಗಲ ಸರಿಯಾದರೆ ಎಲ್ಲ ಸರಿಯಾದಂತೆ. ಅವಳು ಬಾಯಿ ಅಳೆದಳು, ಹೊಟ್ಟೆ ಅಳೆಯಲಿಲ್ಲ.

ಹಳೆಯ ಚೂರುಗಳನ್ನು ಕಸದ ಬುಟ್ಟಿಗೆ ಹಾಕುವಂತಿರಲಿಲ್ಲ. ಸಿಪ್ಪೆ ದಪ್ಪಗೆ ತೆಗೆದಿದ್ದಾರೇನೋ ಎಂದು ಅಜ್ಜಿ ದಿನಾ ಬುಟ್ಟಿ ಇಣುಕುತ್ತಿದ್ದರು. ಚೂರುಗಳನ್ನು ಹಳೇ ಕಾಲುಚೀಲದಲ್ಲಿ ಕಟ್ಟಿ ತನ್ನ ಪೆಟ್ಟಿಗೆಯ ತಳಕ್ಕಿಟ್ಟಳು.

ಅಜ್ಜಿ ವಾಪಸು ಬಂದ ದಿನ ಚಹಾ ನೀರಾಗಿತ್ತು.

“ಏನಮ್ಮಾ, ಮಗಳ ಮನೇಲಿ ಕಂಜೂಸಿ ಕಲ್ತು ಬಂದ್ಯಾ?” ಎಂದ ಮಗ. ಅವನು ಲಿಫ್ಟ್ ರಿಪೇರಿಯವನು. ದಿನವಿಡೀ ಬೇರೆಯವರನ್ನು ಮೇಲಕ್ಕೂ ಕೆಳಕ್ಕೂ ಕಳಿಸಿ ಮನೆಗೆ ಬಂದು ನೆಲದ ಮೇಲೆ ಕಾಲು ಚಾಚಿ ಕೂರುವವನು.

“ನಾಲ್ಕೇ ಕಿವುಡ ಕಣೋ ನಾನು ಹಾಕಿದ್ದು.”

“ನಂಗೆ ಕಿವುಡ ದಪ್ಪ ಆದಂಗೆ ಕಾಣ್ತಾನೆ” ಎಂದಳು ಹದಿನಾರರ ಮೊಮ್ಮಗಳು, ಕಪ್ಪನ್ನು ತಿರುಗಿಸಿ ನೋಡುತ್ತಾ. “ಮನೇಲಿ ಅಜ್ಜಿ ಇಲ್ಲ ಅಂತ ಚೆನ್ನಾಗಿ ತಿಂದಿದಾನೆ.”

ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು. ಕಿವುಡನ ಹೊಟ್ಟೆ ಹಳೆಯದಕ್ಕಿಂತ ಕಾಲುಭಾಗ ದೊಡ್ಡದು ಎಂಬುದು ಅವಳಿಗೆ ಆಗಲೇ ಗೊತ್ತಾದದ್ದು. ಆ ಕ್ಷಣದಲ್ಲೇ ಹೇಳಿಬಿಟ್ಟಿದ್ದರೆ ಅದೊಂದು ನಗೆಯಲ್ಲಿ ಮುಗಿಯುತ್ತಿತ್ತು. ಹೇಳಲಿಲ್ಲ. ಮರುದಿನ ಹೇಳುವುದು ಇನ್ನೂ ಕಷ್ಟವಾಯಿತು.

ಸೂಪು ತೆಳ್ಳಗಾಯಿತು. ಗಂಜಿ ಒಂದು ದಿನ ನೀರು, ಇನ್ನೊಂದು ದಿನ ಅಜ್ಜಿ ನೀರು ಕಡಿಮೆ ಮಾಡಿ ಮುದ್ದೆ. ಉಪ್ಪು ಮಾತ್ರ ಬೆರಳ ಲೆಕ್ಕವಾದ್ದರಿಂದ ಎಲ್ಲಕ್ಕೂ ಕಡಿಮೆ.

“ಯಾಕೋ ಕಿವುಡ ಭಾರ ಆಗಿದಾನೆ” ಎಂದು ಒಂದು ದಿನ ಅಜ್ಜಿ ಕಪ್ಪನ್ನು ಅಂಗೈಯಲ್ಲಿ ತೂಗಿ ನೋಡಿದರು. ಆಮೇಲೆ ತಾವೇ, “ಕೈಯಲ್ಲಿ ಬಲ ಹೋಗಿದೆ ಬಿಡು” ಎಂದರು.

ಅದೇ ವಾರ ಬಚ್ಚಲಿನ ನಲ್ಲಿ ತೆರೆದೇ ಉಳಿದು ನೀರು ನಡುಮನೆಯವರೆಗೂ ಬಂತು. ಕೊನೆಯಲ್ಲಿ ಬಚ್ಚಲಿಗೆ ಹೋಗಿದ್ದವರು ಅಜ್ಜಿ.

“ಅಮ್ಮ, ನೀನೇನಾ?” ಎಂದ ಮಗ.

“ನಾನು ನಿಲ್ಲಿಸಿದ್ದೆ.”

“ಯೋಚನೆ ಮಾಡಿ ಹೇಳು.”

“ನಿಲ್ಲಿಸಿದ್ದೆ ಅಂದ್ನಲ್ಲ! ಯೋಚನೆ ಮಾಡಿ ಹೇಳೋಕೆ ನಾನೇನು ಪರೀಕ್ಷೆ ಬರೀತಿದೀನಾ?”

ಆದರೆ ಒದ್ದೆ ಬಟ್ಟೆ ಹಿಂಡುವಾಗ ಅವರ ಮುಖ ಇಳಿದಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಮೂವತ್ತು ವರ್ಷ ಹಾಸಿಗೆ ಹೊದಿಕೆಗಳನ್ನು ಡಜನ್ ಲೆಕ್ಕದಲ್ಲಿ ಮಡಚಿ ಕೊಟ್ಟವರು ಅವರು. ಒಂದು ದಿನವೂ ಎಣಿಕೆ ತಪ್ಪಿದವರಲ್ಲ.

ಸೇಬು ಬಲಿಯಿತು. ಭಾನುವಾರ ಅಜ್ಜಿ ಬುಟ್ಟಿ ತುಂಬ ಹಣ್ಣು ಕೊಯ್ದು ತಂದು, ಹುಳು ಬಿದ್ದ ಜಾಗ ಕೊರೆದು ತೆಗೆದು, ಹಿಟ್ಟು ಕಲೆಸಿದರು. ಮೂರು ಕಿವುಡ, ಒಂದೂವರೆ ಕಿವುಡ, ಒಂದು ಕಿವುಡ. ಕಲೆಸುವ ಸೌಟು ಅಲ್ಲಾಡದಷ್ಟು ಗಟ್ಟಿಯಾದಾಗ ಒಂದು ಕ್ಷಣ ನಿಂತರು. “ಮೊಟ್ಟೆ ಸಣ್ಣವಿರಬೇಕು” ಎಂದುಕೊಂಡು ಹಾಲು ಸುರಿದರು. ಸೊಸೆ ಆಗ ಬಟ್ಟೆ ಒಣಹಾಕುತ್ತಿದ್ದಳು. ಕಿಟಕಿಯಿಂದ ನೋಡಿದಳು. ಒಳಗೆ ಬರಲಿಲ್ಲ.

ಮುಕ್ಕಾಲು ಗಂಟೆಗೆ ಹಿಟ್ಟು ಟಿನ್ನಿನಿಂದ ಉಕ್ಕಿ ಓವನ್ನಿನ ತಳಕ್ಕೆ ಸುರಿದು ಹೊತ್ತಿತು. ಅಡುಗೆಮನೆಯೆಲ್ಲ ಕಪ್ಪು ಹೊಗೆ. ಮಗ ಓಡಿ ಬಂದು ಗ್ಯಾಸು ನಿಲ್ಲಿಸಿ ಬಾಗಿಲುಗಳನ್ನು ತೆರೆದ. ಗೋಡೆಯಾಚೆಯಿಂದ ಪಕ್ಕದ ಮನೆಯ ಟೈಲರ್, “ಏನ್ರೀ ಅಜ್ಜಿ, ಈ ಸಲ ಕೇಕನ್ನ ಇದ್ದಿಲ ಒಲೇಲಿ ಸುಡ್ತಿದೀರಾ?” ಎಂದು ಕೂಗಿದ. ಟಿನ್ನನ್ನು ಹೊರತೆಗೆದಾಗ ಕೇಕಿನ ಅಂಚು ಇದ್ದಿಲು, ನಡುಭಾಗ ಹಸಿ ಹಿಟ್ಟು.

“ಎಷ್ಟು ಹಾಕ್ದೆ ಅಮ್ಮ ಹಿಟ್ಟು?”

“ಮೂರು.”

“ಮೂರು ಹಾಕಿದ್ರೆ ಹಿಂಗಾಗುತ್ತಾ? ಪ್ರತಿವರ್ಷ ಹಿಂಗಾಗ್ತಿತ್ತಾ?”

ಅಜ್ಜಿ ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು. “ನಾಲ್ಕು ಹಾಕಿದ್ನೋ ಏನೋ” ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಮಗ ಸ್ಕ್ರೂಡ್ರೈವರ್ ತಂದು ಓವನ್ನಿನ ತಿರುಗಿಸುವ ಗುಂಡಿಯನ್ನು ಮೀಟಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ.

“ಒಂದು ಸಲ ಜಾರಿದ ಲಿಫ್ಟ್ ಹಗ್ಗಾನ ನಾವು ಎರಡನೇ ಸಲ ನಂಬಲ್ಲ. ನಾಳೆಯಿಂದ ಅಮ್ಮ ಒಲೆ ಹತ್ರ ಹೋಗೋದು ಬೇಡ. ಅಡುಗೆ ನೀನು ನೋಡ್ಕೋ” ಎಂದ ಹೆಂಡತಿಗೆ. “ಡಾಕ್ಟರ್ ಹತ್ರ ಹೆಸರು ಬರೆಸ್ತೀನಿ. ತಲೆ ಒಂದು ಸಲ ನೋಡಿಬಿಡ್ಲಿ.”

“ನನ್ನನ್ನ ಹಗ್ಗ ಅಂದ್ಯಾ?” ಎಂದರು ಅಜ್ಜಿ.

“ಮಾತಿಗೆ ಹೇಳ್ದೆ ಅಮ್ಮ.”

“ಅಪ್ಪ, ಆ ಗುಂಡಿ ಇಲ್ದೇನೂ ಇಕ್ಕಳ ಹಾಕಿದ್ರೆ ತಿರುಗುತ್ತೆ” ಎಂದಳು ಮೊಮ್ಮಗಳು.

“ನೀನು ಬಾಯಿ ಮುಚ್ಕೊಂಡು ಹೋಗಿ ಓದ್ಕೋ.”

ಮೂರು ವಾರ ಹಾಗೇ ಹೋಯಿತು. ಸೊಸೆ ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮುಗಿಸಿ ಅಂಗಡಿಗೆ ಓಡುತ್ತಿದ್ದಳು. ಅವಳು ಕಿವುಡನನ್ನು ಮುಟ್ಟದೆ ಕಣ್ಣಂದಾಜಿನಲ್ಲಿ ಮಾಡುತ್ತಿದ್ದಳು. “ಸೂಪು ಈಗ ಸೂಪಿನ ಥರ ಇದೆ” ಎಂದು ಗಂಡ ಎರಡನೇ ಸಲ ಬಡಿಸಿಕೊಂಡ. ಹದಿನೇಳು ವರ್ಷದಲ್ಲಿ ಅವಳ ಅಡುಗೆಗೆ ಸಿಕ್ಕ ಮೊದಲ ಹೊಗಳಿಕೆ ಅದು. ಅದು ಬೇಕಾಗಿತ್ತು ಎಂದು ಅವಳಿಗೆ ಅನಿಸಿತು. ಅನಿಸಿದ್ದಕ್ಕೆ ತನ್ನ ತಟ್ಟೆ ಸರಿಸಿ ಎದ್ದಳು.

ಅಜ್ಜಿ ಹಿತ್ತಲ ಬಾಗಿಲ ಮೆಟ್ಟಿಲಿನ ಮೇಲೆ ಕೂರುತ್ತಿದ್ದರು. ಹಣ್ಣು ತಾನಾಗಿ ಉದುರಿ ಹುಲ್ಲಿನಲ್ಲಿ ಕೊಳೆಯುತ್ತಿತ್ತು. ಕಣಜಗಳು ಮುತ್ತುತ್ತಿದ್ದವು. “ಈ ಸಲ ನಮಗೆ ಕೇಕ್ ಇಲ್ವೇನಜ್ಜಿ?” ಎಂದು ಟೈಲರ್ ಕೇಳಿದರೆ, “ಮರಕ್ಕೆ ರೋಗ” ಎಂದುಬಿಡುತ್ತಿದ್ದರು.

ಒಂದು ಸಂಜೆ ಮೊಮ್ಮಗಳನ್ನು ಹತ್ತಿರ ಕರೆದರು. “ಆ ಡಾಕ್ಟರ್ ಏನು ಕೇಳ್ತಾರಂತೆ?”

“ಫೋನಲ್ಲಿ ನೋಡ್ದೆ ಅಜ್ಜಿ. ಗಡಿಯಾರದ ಚಿತ್ರ ಬಿಡಿಸಿ ಅಂತಾರಂತೆ. ಆಮೇಲೆ ನೂರರಿಂದ ಏಳೇಳು ಕಳೀತಾ ಹೋಗಬೇಕಂತೆ.”

“ಏಳೇಳು ಯಾಕೆ? ಯಾವ ತಲೆ ನೆಟ್ಟಗಿರೋನು ಏಳೇಳು ಕಳೀತಾನೆ? ಹನ್ನೆರಡು ಹನ್ನೆರಡು ಕೇಳು ಅನ್ನು, ಸಾವಿರದ ತನಕ ಹೇಳ್ತೀನಿ.”

“ನಾನು ಹೇಳಿದ್ರೆ ಕೇಳ್ತಾರಾ?”

“ತೊಂಬತ್ತಮೂರು” ಎಂದರು ಅಜ್ಜಿ. ಆಮೇಲೆ ಬಹಳ ಹೊತ್ತು ತುಟಿ ಅಲ್ಲಾಡುತ್ತಿತ್ತು. “ಎಂಬತ್ತ… ಆರು. ಹೌದಾ?”

“ಹೌದಜ್ಜಿ.”

“ನೀನು ನನ್ನ ಸಮಾಧಾನಕ್ಕೆ ಹೌದು ಅನ್ಬೇಡ. ತಪ್ಪಿದ್ರೆ ತಪ್ಪು ಅನ್ನು.”

ಶನಿವಾರ ಸೊಸೆ ಗೂಡು ಸ್ವಚ್ಛ ಮಾಡುವಾಗ ಹಳೇ ಪತ್ರಿಕೆಗಳ ಕಟ್ಟು ಜಾರಿತು. ಪ್ರತಿ ಹಾಳೆಯ ಅಂಚಿನಲ್ಲೂ ಪೆನ್ಸಿಲಿನ ಗಡಿಯಾರ. ಕೆಲವಕ್ಕೆ ಮುಳ್ಳು ಒಂದೇ. ಕೆಲವಕ್ಕೆ ಹನ್ನೆರಡರ ಬಳಿ ಅಂಕಿಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು. ಒಂದರ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಮೂರು ಹಾಕಿದೆ’ ಎಂದು ಬರೆದು, ಅದನ್ನೇ ಹೊಡೆದುಹಾಕಿ, ‘ನಾಲ್ಕು?’ ಎಂದು ಬರೆದಿತ್ತು.

ಅವಳು ಕಟ್ಟನ್ನು ಹಾಗೇ ಮಡಚಿಟ್ಟು ಹಿತ್ತಲಿಗೆ ಹೋದಳು. ಗಂಡ ಕೊಳೆತ ಹಣ್ಣು ಗುಡಿಸುತ್ತಿದ್ದ.

“ರೀ, ಕಿವುಡನ್ನ ನಾನು ಒಡೆದುಬಿಟ್ಟಿದ್ದೆ” ಎಂದಳು. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಹಳೆ ಸಾಮಾನಿನ ಅಂಗಡಿ, ಇಕ್ಕಳ, ಚಕ್ರ, ಹೊಟ್ಟೆ.

ಅವನು ಪೊರಕೆ ಊರಿಕೊಂಡು ನಿಂತ. “ನನ್ನ ಇಕ್ಕಳದಲ್ಲಾ?”

“ಅದೊಂದೇನಾ ನಿಮಗೆ ಕೇಳಿಸಿದ್ದು?”

ಅವನು ಹತ್ತಾರು ಹಣ್ಣು ಗುಡಿಸಿದ ಮೇಲೆ ಮಾತಾಡಿದ. “ಹೇಳ್ಬೇಡ. ಈಗ ಹೇಳಿದ್ರೆ ಇನ್ನು ಹತ್ತು ವರ್ಷ ನಿಮ್ಮಿಬ್ಬರ ಮಧ್ಯೆ ಮಾತಿರಲ್ಲ. ಹೆಂಗೂ ಅಮ್ಮನಿಗೆ ವಯಸ್ಸಾಯ್ತು, ಕೂತು ಊಟ ಮಾಡ್ಲಿ. ಅದೂ ಅಲ್ದೆ, ಆ ನಲ್ಲಿ? ನಲ್ಲಿ ತೆರೆದು ಬಿಟ್ಟಿದ್ದೂ ಕಪ್ಪೇನಾ?”

“ಅದು ನಂಗೊತ್ತಿಲ್ಲ. ಬುಧವಾರ ಡಾಕ್ಟರ್ ನಿಮ್ಮನ್ನ ಕೇಳ್ತಾರೆ, ಅಡುಗೆಯಲ್ಲಿ ಏನಾದ್ರೂ ತಪ್ಪಾಗಿದೆಯಾ ಅಂತ. ಏನಂತೀರಿ?”

ಅವನು ಮತ್ತೆ ಗುಡಿಸತೊಡಗಿದ.

“ಹೌದು ಅಂತೀರಿ. ಅವರು ಅದನ್ನ ಬರ್ಕೋತಾರೆ. ಆಮೇಲೆ ನಾನು ಬಾಯಿ ಬಿಟ್ರೂ ಅದು ಅಳಿಸಿ ಹೋಗಲ್ಲ.”

ಅವತ್ತು ಮಧ್ಯಾಹ್ನ ಅವಳು ಚೂರು ಕಟ್ಟಿಟ್ಟಿದ್ದ ಕಾಲುಚೀಲವನ್ನು ಅಂಗಡಿಗೆ ಒಯ್ದು, ಗಾಜಿಗೆ ಹಾಕುವ ಅಂಟಿನಿಂದ ಆರು ಚೂರನ್ನೂ ಕೂಡಿಸಿದಳು. ಅಂಚಿನಲ್ಲಿ ಒಂದು ಚಕ್ಕೆ ಮಾತ್ರ ಎಲ್ಲೋ ಕಳೆದುಹೋಗಿತ್ತು.

ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಎಲ್ಲರೂ ಮೇಜಿಗೆ ಬಂದಾಗ ಸೊಸೆ ಇಬ್ಬರು ಕಿವುಡರನ್ನೂ ಅಜ್ಜಿಯ ತಟ್ಟೆಯ ಮುಂದೆ ಪಕ್ಕಪಕ್ಕದಲ್ಲಿಟ್ಟಳು. ಮಗ ತಲೆ ಬಗ್ಗಿಸಿದ. ಮೊಮ್ಮಗಳು, “ಅಯ್ಯೋ, ಅವಳಿಜವಳಿ!” ಎಂದವಳು ಅಮ್ಮನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

“ಅತ್ತೆ, ಇದು ಹಳೇದು. ನಾನು ಒಡೆದೆ. ಇದು ನಾನು ತಂದಿಟ್ಟಿದ್ದು. ದೊಡ್ಡದಿದೆ. ನೀವು ಮೂರೇ ಹಾಕಿದ್ರಿ.”

ಅಜ್ಜಿ ಹಳೆಯದನ್ನು ಎತ್ತಿಕೊಂಡರು. ಕಿವಿಯಿದ್ದ ಜಾಗದ ಮೇಲೆ ಹೆಬ್ಬೆರಳು ತಾನಾಗಿ ಹೋಗಿ ಕೂತಿತು. ಆಮೇಲೆ ಹೊಸದರ ಮೇಲೂ ಹೆಬ್ಬೆರಳಾಡಿಸಿದರು.

“ಇದನ್ನ ಇಷ್ಟು ನುಣ್ಣಗೆ ಉಜ್ಜಿದೋಳು ಯಾರು?”

“ನಾನೇ.”

“ಚೆನ್ನಾಗಿ ಉಜ್ಜಿದೀಯ.”

ಹಾಗೆಂದವರು ಎದ್ದು ಹಿತ್ತಲಿಗೆ ಹೋದರು. ಮೇಜಿನಲ್ಲಿ ಯಾರೂ ತಿಂಡಿ ಮುಟ್ಟಲಿಲ್ಲ. ಹೊರಗೆ ಕೊಂಬೆ ಎಳೆದ ಸದ್ದು, ಬುಟ್ಟಿಗೆ ಹಣ್ಣು ಬೀಳುವ ಸದ್ದು. ಒಳಗೆ ಬಂದಾಗ ಬುಟ್ಟಿಯಲ್ಲಿ ಮರದಲ್ಲುಳಿದಿದ್ದ ಕೊನೆಯ ಒಂಬತ್ತೋ ಹತ್ತೋ ಸೇಬುಗಳಿದ್ದವು. ಬುಟ್ಟಿಯನ್ನು ಕುಕ್ಕಿ ಇಟ್ಟರು.

“ಮೂರು ವಾರ” ಎಂದರು. “ಮೂರು ವಾರ ನನ್ನ ತಲೇನ ನಾನೇ ಜಾಡಿಸಿ ಜಾಡಿಸಿ ನೋಡ್ಕೊಂಡಿದೀನಿ. ಬೆಳಿಗ್ಗೆ ಎದ್ದ ತಕ್ಷಣ ನನ್ನ ಹೆಸರು ನಾನೇ ಹೇಳ್ಕೊಂಡಿದೀನಿ, ಗೊತ್ತಾ ನಿನಗೆ? ಮೆಟ್ಟಿಲ ಮೇಲೆ ನಾನು ಕೂತಿದ್ದನ್ನ ದಿನಾ ನೋಡ್ಕೊಂಡೇ ಅಂಗಡಿಗೆ ಹೋಗ್ತಿದ್ಯಲ್ಲ. ನಿನಗೆ ನಾನು ಅಷ್ಟು ಕೆಟ್ಟೋಳಾ? ಒಂದು ಕಪ್ಪಿಗೆ ನಾನು ಏನು ಅಂತಿದ್ದೆ?”

“ಜಾರುಗೈ ಅಂತಿದ್ರಿ.”

“ಅಂತಿದ್ದೆ. ಅಂದು ಮರೀತಿದ್ದೆ.”

“ನೀವು ಮರೀತಿದ್ರಿ ಅತ್ತೆ. ನಾನು ಮರೀತಿರ್ಲಿಲ್ಲ.”

ಅಜ್ಜಿ ಕುರ್ಚಿ ಎಳೆದು ಕೂತರು. ಗೋಡೆಯಾಚೆ ಟೈಲರನ ಮಷಿನ್ ಓಡುವುದು ಕೇಳುತ್ತಿತ್ತು. ಅವರು ಸೊಸೆಯ ಮುಖವನ್ನು ಹುಡುಕುವಂತೆ ನೋಡಿದರು. ಆ ನೋಟದಲ್ಲಿ ಆಸೆಯಿತ್ತು.

“ಅವತ್ತು ಬಚ್ಚಲ ನಲ್ಲಿ ತೆರೆದು ಬಿಟ್ಟಿದ್ದು? ಅದೂ ನೀನೇನಾ?”

ಮಗ ಹೆಂಡತಿಯತ್ತ ನೋಡಿದ. ಹೌದು ಅಂದುಬಿಡು ಎಂದು ಅವನ ಕಣ್ಣು ಹೇಳಿತು. ಇಷ್ಟೆಲ್ಲ ಹೊತ್ತವಳಿಗೆ ಅದೊಂದು ಭಾರವಾಗುತ್ತಿರಲಿಲ್ಲ. ಸೊಸೆಯ ತುಟಿ ಅಲ್ಲಾಡಿತು. ಆದರೆ ಪತ್ರಿಕೆಯ ಅಂಚಿನಲ್ಲಿ ಹೊಡೆದುಹಾಕಿದ ಆ ‘ಮೂರು’ ಅವಳ ಕಣ್ಣ ಮುಂದಿತ್ತು.

“ಇಲ್ಲ ಅತ್ತೆ. ಅದು ನಾನಲ್ಲ.”

“ಸರಿ” ಎಂದರು ಅಜ್ಜಿ. ಮೇಜಿನ ಮೇಲಿನ ಒಂದು ಚೂರು ಬ್ರೆಡ್ಡನ್ನು ಬೆರಳಿನಿಂದ ಅಂಚಿಗೆ ತಳ್ಳಿದರು. “ಹಾಗಾದ್ರೆ ಅದು ನಂದು.”

ಆಮೇಲೆ ಎದ್ದು ಸೆರಗು ಬಿಗಿದರು. “ಗುಂಡಿ ಕೊಡೋ.”

ಮಗ ಜೇಬಿನಿಂದ ತೆಗೆದು ಕೊಟ್ಟ.

ಅಂಟಿಸಿದ ಕಿವುಡನಲ್ಲಿ ನೀರು ನಿಲ್ಲುತ್ತಿರಲಿಲ್ಲ. ಹಿಟ್ಟು ನಿಂತಿತು. ಮೊದಲು ಅದರಲ್ಲಿ ತುಂಬಿ ಹೊಸದಕ್ಕೆ ಸುರಿದು, ಹಿಟ್ಟು ಎಲ್ಲಿಯವರೆಗೆ ಬಂತೋ ಅಲ್ಲಿ ಸೊಸೆ ಪೆನ್ಸಿಲಿನ ಗೆರೆ ಎಳೆದಳು. ನೀಲಿ ಅಂಚಿಗಿಂತ ಒಂದು ಬೆರಳಗಲ ಕೆಳಗೆ.

“ನಾಳೆ ಅಂಗಡೀಲಿ ಚಕ್ರಕ್ಕೆ ಹಿಡಿದು ಇದನ್ನ ಗೀರ್ಕೊಂಡು ಬರ್ತೀನಿ ಅತ್ತೆ. ಅಳಿಸಲ್ಲ.”

“ಜಾರಿಸ್ಬೇಡ” ಎಂದರು ಅಜ್ಜಿ. ಹೇಳಿಬಿಟ್ಟ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊಮ್ಮಗಳು ಕಿಸಕ್ಕನೆ ನಕ್ಕಳು. ಅಜ್ಜಿ ನಗಲಿಲ್ಲ. “ಬಾಯಿಗೆ ಅಭ್ಯಾಸ” ಎಂದರು.

ಸೊಸೆ ಸೇಬು ಹೆಚ್ಚಿದಳು. ಅಜ್ಜಿ ಹಿಟ್ಟು ಅಳೆದು ಜರಡಿಗೆ ಸುರಿಯತೊಡಗಿದರು. ಗೆರೆಯವರೆಗೆ ಒಂದು. ಜರಡಿ ಆಡಿಸಿದರು. ಗೆರೆಯವರೆಗೆ ಇನ್ನೊಂದು. ಜರಡಿ ಆಡಿಸಿದರು. ಮತ್ತೆ ಕಪ್ಪನ್ನು ಹಿಟ್ಟಿನೊಳಗೆ ಅದ್ದಿದವರು ಕೈಯನ್ನು ಅಲ್ಲೇ ನಿಲ್ಲಿಸಿದರು.

ಅಡುಗೆಮನೆಯಲ್ಲಿ ಯಾರೂ ಮಾತಾಡಿರಲಿಲ್ಲ, ಯಾರೂ ಅವರನ್ನು ತಡೆದಿರಲಿಲ್ಲ. ಅಳತೆಯೂ ಈಗ ಸರಿಯಾಗಿಯೇ ಇತ್ತು.

ಸೊಸೆ ಚಾಕುವಿನಿಂದ ಕಣ್ಣೆತ್ತದೆ, ಹೊರಗಿನವರಿಗೆ ಕೇಳದಷ್ಟು ಮೆಲ್ಲಗೆ, “ಎರಡಾಯ್ತು ಅತ್ತೆ” ಎಂದಳು.

ಅಜ್ಜಿ ಮೂರನೆಯದನ್ನು ಸುರಿದರು. ಆಮೇಲೆ ಸಿಪ್ಪೆಯ ರಾಶಿಯಿಂದ ಸೇಬಿನ ಮೂರು ಬೀಜ ಆರಿಸಿ, ಹಾಕಿದ ಕಪ್ಪಿಗೊಂದರಂತೆ ಮೇಜಿನ ಮೇಲೆ ಸಾಲಾಗಿ ಇಟ್ಟರು. ಸಕ್ಕರೆಗೆ ಇನ್ನೊಂದು ಬೀಜ. ಅರ್ಧಕ್ಕೆ ಒಂದು ಬೀಜವನ್ನು ಉಗುರಿನಿಂದ ಸೀಳಿದರು.

ಕೇಕ್ ಉಕ್ಕಲಿಲ್ಲ. ಒಂದು ಬದಿ ಸ್ವಲ್ಪ ಹೆಚ್ಚೇ ಕೆಂಪಾಗಿತ್ತು. ಆ ಓವನ್ನಿನದು ಅದು ಹುಟ್ಟುಗುಣ. ಮೊಮ್ಮಗಳು ಬಿಸಿಬಿಸಿ ತುಂಡನ್ನು ಕಾಗದದಲ್ಲಿ ಸುತ್ತಿ ಟೈಲರಿಗೆ ಕೊಟ್ಟು ಬಂದಳು. “ಮರದ ರೋಗ ವಾಸಿ ಆಯ್ತಾ ಅಂತ ಕೇಳಿದ್ರಜ್ಜಿ.” ಮಗ ಎರಡು ತುಂಡು ತಿಂದ. ಮೂರನೆಯದಕ್ಕೆ ಕೈ ಹಾಕಿ, “ಬುಧವಾರದ್ದು ಬೇಡ ಅಂತ ಹೇಳ್ಬಿಡ್ಲಾ ಅಮ್ಮ?” ಎಂದ.

“ಬೇಡ ಯಾಕೆ? ಹೋಗೋಣ. ಕೇಕಿನ ವಿಷಯ ಮಾತ್ರ ಎತ್ಬೇಡ. ನಲ್ಲಿ ವಿಷಯ ನಾನೇ ಹೇಳ್ತೀನಿ.”

ಪಾತ್ರೆ ತೊಳೆಯುವ ಹೊತ್ತಿಗೆ ಅಡುಗೆಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಅಜ್ಜಿ ಒಣ ಬಟ್ಟೆಯಿಂದ ಓವನ್ ಒರೆಸಿ, ಗುಂಡಿಯನ್ನು ತಾವೇ ಎಳೆದು ತೆಗೆದು, ಸೊಸೆಯ ಮುಂದೆ ಹಿಡಿದರು.

“ನನಗ್ಯಾಕೆ ಅತ್ತೆ?”

“ನಿನ್ನ ಹತ್ರ ಇರ್ಲಿ. ಅವನ ಜೇಬಲ್ಲಿ ಬೇಡ. ನಾನು ಕೇಳಿದಾಗ ಕೊಡು.”

ಸೊಸೆಯ ಕೈತುಂಬ ಸೋಪಿತ್ತು. ಸೆರಗಿಗೆ ಒರೆಸಿಕೊಂಡು, ಎರಡೂ ಕೈ ಒಡ್ಡಿ ತೆಗೆದುಕೊಂಡಳು.

“ಕೇಳೋದು ಮರೆತುಬಿಟ್ರೆ,” ಎಂದರು ಅಜ್ಜಿ, ಒರೆಸುವ ಬಟ್ಟೆಯನ್ನು ಡಜನ್ ಹೊದಿಕೆ ಮಡಚುವವರಂತೆ ಅಂಚಿಗೆ ಅಂಚು ಕೂಡಿಸಿ ಮಡಚುತ್ತಾ, “ನೀನಾಗೇ ಕೊಡು.”